ನೋವಿಲ್ಲದ ಗಂಟು

ಎಮ್ಮೆಯ ಕೆಚ್ಚಲು ಗಟ್ಟಿಯಾದರೆ ರಾಯಬಾಗ ತಾಲೂಕಿನ ಯಾವ ರೈತನೂ ಸುಮ್ಮನೆ ಕೂರುವುದಿಲ್ಲ. ಹಾಲು ಹಿಂಡುವ ಕೈಗೆ ಅದು ಅಂದೇ ಗೊತ್ತಾಗುತ್ತದೆ. ಸಂಜೆಯೊಳಗೆ ದನದ ಡಾಕ್ಟರಿಗೆ ಸುದ್ದಿ ಮುಟ್ಟುತ್ತದೆ. ಯಲ್ಲಾಲಿಂಗೇಶ್ವರ ಮಠದಿಂದ ಹೆಸರಾದ ಮುಗಳಖೋಡದಲ್ಲಾಗಲಿ, ಸುತ್ತಲಿನ ಕಬ್ಬಿನ ಸೀಮೆಯಲ್ಲಾಗಲಿ ಹೈನು ಎಂದರೆ ಮನೆಗೆ ಆಧಾರ. ಆದರೆ ಹಾಗೆ ಹಾಲು ಹಿಂಡುವ ಹೆಣ್ಣುಮಗಳ ಎದೆಯಲ್ಲೇ ಒಂದು ಗಂಟು ಕಾಣಿಸಿಕೊಂಡರೆ? ಎಷ್ಟೋ ಮನೆಗಳಲ್ಲಿ ಆ ಸುದ್ದಿ ತಿಂಗಳುಗಟ್ಟಲೆ ಸೆರಗಿನ ಮರೆಯಲ್ಲೇ ಉಳಿಯುತ್ತದೆ. ನಾಚಿಕೆ ಅದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಆ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ನೋವಿಲ್ಲದ್ದು ರೋಗವೇ ಅಲ್ಲ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಸ್ತನ ಕ್ಯಾನ್ಸರಿನ ಮಟ್ಟಿಗೆ ಅದು ಪ್ರಾಣಕ್ಕೇ ಎರವಾಗುವಂಥದು. ಹಿಂದಿನವರು ಇದನ್ನು ಗಮನಿಸಿರಲಿಲ್ಲ ಎಂದಲ್ಲ. ಗುಂಡಗಿನ, ಅಲುಗದ, ಆಳಕ್ಕೆ ಬೇರುಬಿಟ್ಟ, ನಿಧಾನವಾಗಿ ಬೆಳೆಯುವ, ಕೀವಾಗದ, ನೋವು ಕಡಿಮೆ ಇರುವ ಊತವನ್ನು ಸುಶ್ರುತ ಸಂಹಿತೆ 'ಅರ್ಬುದ' ಎಂದು ಕರೆಯಿತು. ಗ್ರೀಕ್ ವೈದ್ಯರಿಗೆ ಇಂಥ ಗಡ್ಡೆ ಏಡಿಯಂತೆ ಕಂಡಿತು. ಕ್ಯಾನ್ಸರ್ ಎಂಬ ಹೆಸರೂ, ಗಡಿಭಾಗದವರ ಕಿವಿಗೆ ಬೀಳುವ ಮರಾಠಿಯ 'ಕರ್ಕರೋಗ'ವೂ ಏಡಿಯಿಂದಲೇ ಬಂದವು.

ಸ್ತನದೊಳಗೆ ಹಾಲು ತಯಾರಿಸುವ ಪುಟ್ಟ ಗ್ರಂಥಿಗಳು ಗೊಂಚಲು ಗೊಂಚಲಾಗಿವೆ. ಅಲ್ಲಿಂದ ಹೊರಟ ಸಣ್ಣ ನಾಳಗಳು ಸೇರಿ ದೊಡ್ಡವಾಗಿ ಮೊಲೆತೊಟ್ಟಿಗೆ ಬರುತ್ತವೆ. ಹೆಚ್ಚಿನ ಕ್ಯಾನ್ಸರುಗಳು ಹುಟ್ಟುವುದು ಈ ನಾಳಗಳ ಒಳಮೈಯ ಕೋಶಗಳಲ್ಲಿ. ತಿಂಗಳು ತಿಂಗಳೂ ಅಂಡಾಶಯದಿಂದ ಬರುವ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಈ ಕೋಶಗಳಿಗೆ ಬೆಳೆಯಲು ಅಪ್ಪಣೆ ಕೊಡುತ್ತವೆ. ಕೋಶ ಎರಡಾಗುವಾಗಲೆಲ್ಲ ಅದರ ವಂಶವಾಹಿಯ ನಕಲೂ ಆಗಬೇಕು. ನಕಲಿನಲ್ಲಿ ತಪ್ಪುಗಳಾಗುತ್ತವೆ. ಬಹುಪಾಲು ತಪ್ಪುಗಳನ್ನು ದೇಹವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವು ಒಂದೇ ಕೋಶದಲ್ಲಿ ಕೂಡುತ್ತ ಹೋದರೆ, ಅದು ಯಾರ ಅಪ್ಪಣೆಗೂ ಕಾಯದೆ ಬೆಳೆಯತೊಡಗುತ್ತದೆ. ಕೈಗೆ ಸಿಗುವ ಗಂಟಾಗಲು ಅದಕ್ಕೆ ವರ್ಷಗಳೇ ಬೇಕಾಗಬಹುದು. ಆಮೇಲೆ ಕಂಕುಳಿನ ಗ್ರಂಥಿಗಳಿಗೆ, ಮುಂದೆ ಎಲುಬು, ಶ್ವಾಸಕೋಶ, ಯಕೃತ್ತುಗಳಿಗೆ ಹರಡುತ್ತದೆ.

ಹಾರ್ಮೋನಿನ ಈ ಕೈವಾಡದ ಸುಳಿವು ಸಿಕ್ಕಿದ್ದು ಹೈನಿನ ಲೋಕದಿಂದ ಎಂಬುದು ಸ್ವಾರಸ್ಯದ ಸಂಗತಿ. ಹಸುವಿನ ಅಂಡಾಶಯ ತೆಗೆದರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆಂದು ಕೆಲವು ದೇಶಗಳ ರೈತರು ಕಂಡುಕೊಂಡಿದ್ದರು. ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್ ಇದರಿಂದ ಯೋಚನೆಗೆ ಬಿದ್ದರು. ಎಲ್ಲೋ ಇರುವ ಅಂಡಾಶಯಕ್ಕೂ ಕೆಚ್ಚಲಿಗೂ ನಂಟಿದ್ದರೆ, ಸ್ತನದ ಗಡ್ಡೆಗೂ ಅದೇ ನಂಟು ಇರಬೇಕಲ್ಲವೆ? ಬೇರೆ ಚಿಕಿತ್ಸೆಯಿಲ್ಲದೆ ಉಳಿದಿದ್ದ ರೋಗಿಯೊಬ್ಬಳ ಅಂಡಾಶಯ ತೆಗೆದಾಗ ಗಡ್ಡೆಗಳು ಕುಗ್ಗಿದ್ದನ್ನು ಅವರು 1896ರಲ್ಲಿ ಪ್ರಕಟಿಸಿದರು. ಆಗ ಈಸ್ಟ್ರೊಜೆನ್ನಿನ ಹೆಸರೇ ಹುಟ್ಟಿರಲಿಲ್ಲ. 1970ರ ದಶಕದಲ್ಲಿ ಬಳಕೆಗೆ ಬಂದ ಟಾಮಾಕ್ಸಿಫೆನ್ ಮಾತ್ರೆ ಸ್ತನದಲ್ಲಿ ಈಸ್ಟ್ರೊಜೆನ್ನಿನ ಅಪ್ಪಣೆಯನ್ನು ತಡೆಯುವ ಔಷಧಿ.

ಹೆರಿಗೆ ಮತ್ತು ಮೊಲೆಯೂಡಿಕೆಯ ಮಹತ್ವವೂ ಇದರಿಂದ ಅರ್ಥವಾಗುತ್ತದೆ. ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ರೋಗ ಹೆಚ್ಚು ಎಂದು ಇಟಲಿಯ ವೈದ್ಯ ರಮಾಜಿನಿ 18ನೇ ಶತಮಾನದ ಆರಂಭದಲ್ಲೇ ಬರೆದಿದ್ದರು. 1926ರಲ್ಲಿ ಇಂಗ್ಲೆಂಡಿನ ಡಾ. ಜಾನೆಟ್ ಲೇನ್-ಕ್ಲೇಪನ್ ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿ ನೋಡಿ, ಹೆರಿಗೆ ಮತ್ತು ಹಾಲೂಡಿಕೆಗೆ ಇದರೊಡನೆ ಸಂಬಂಧವಿದೆ ಎಂದು ತೋರಿಸಿದರು. 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಹಾಕಿದ ಲೆಕ್ಕದಂತೆ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು, ಪ್ರತಿ ಹೆರಿಗೆಗೆ ಶೇ. 7ರಷ್ಟು ಇಳಿಯುತ್ತದೆ.

ಈ ಅಂಕಿಗಳನ್ನು ತಪ್ಪಾಗಿ ಓದಬಾರದು. ನಾಲ್ಕು ಮಕ್ಕಳಿಗೆ ಹಾಲೂಡಿಸಿದ ತಾಯಿಗೂ ಈ ರೋಗ ಬರಬಹುದು. 'ನನಗೇಕೆ ಬಂದೀತು' ಎಂಬ ಧೈರ್ಯಕ್ಕೆ ಇದು ಆಧಾರವಲ್ಲ. ಚಿಕ್ಕ ವಯಸ್ಸಿನ ಮದುವೆಗಂತೂ ಸಮರ್ಥನೆ ಅಲ್ಲವೇ ಅಲ್ಲ. ಎಳೆಯ ಹುಡುಗಿಯ ಬಸಿರಿನ ಅಪಾಯವೇ ದೊಡ್ಡದು. ಹುಟ್ಟಿದ ಮಗುವಿಗೆ ತಪ್ಪದೆ ಎದೆಹಾಲು ಕೊಡುವುದು, ಮುಟ್ಟು ನಿಂತ ಮೇಲೆ ಮೈತೂಕ ಏರದಂತೆ ನೋಡಿಕೊಳ್ಳುವುದು, ಮೈ ದಣಿಸುವುದು, ಮದ್ಯ ಮುಟ್ಟದಿರುವುದು, ಡಾಕ್ಟರ ಸಲಹೆಯಿಲ್ಲದೆ ಹಾರ್ಮೋನು ಮಾತ್ರೆ ನುಂಗದಿರುವುದು ನಮ್ಮ ಕೈಯಲ್ಲಿರುವ ತಡೆಗಳು. ವಯಸ್ಸನ್ನೂ ವಂಶವನ್ನೂ ತಡೆಯಲಾಗದು. ತಾಯಿಗೋ ಅಕ್ಕತಂಗಿಗೋ ಈ ರೋಗ ಬಂದಿದ್ದರೆ ಹೆಚ್ಚು ಎಚ್ಚರ ಬೇಕು. ಆದರೆ ರೋಗ ಬಂದವರಲ್ಲಿ ಬಹುಪಾಲು ಜನರ ಮನೆತನದಲ್ಲಿ ಅದರ ಸುಳಿವೇ ಇರುವುದಿಲ್ಲ. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ.

ಪೂರ್ತಿ ತಡೆಯಲಾಗದ ರೋಗವನ್ನು ಬೇಗ ಹಿಡಿಯಬೇಕು. ಅದಕ್ಕೆ ದೊಡ್ಡ ಯಂತ್ರವೇ ಬೇಕೆಂದೇನೂ ಇಲ್ಲ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಕೊಳೆಗೇರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಒಂದು ಪ್ರಯೋಗ ಆರಂಭಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅರ್ಧದಷ್ಟು ಮಹಿಳೆಯರ ಸ್ತನಗಳನ್ನು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಹೊರಬಂತು. ಪರೀಕ್ಷೆಗೊಳಗಾದವರಲ್ಲಿ ರೋಗ ಮೊದಲ ಹಂತಗಳಲ್ಲೇ ಹೆಚ್ಚಾಗಿ ಸಿಕ್ಕಿತ್ತು. 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಸಾವು ಇಳಿದದ್ದು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಸರಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆ ಮಾಡಬೇಕೆಂದು ಗೊತ್ತುಮಾಡಿದೆ. ಊರಿನ ಉಪಕೇಂದ್ರದಲ್ಲಿ ಅದನ್ನು ಕೇಳಿ ಪಡೆಯಬಹುದು.

ಅದಕ್ಕೂ ಮೊದಲು ಗೊತ್ತಿರಬೇಕಾದವು ಕೆಲವೇ ಗುರುತುಗಳು: ಒಂದು ಮುಟ್ಟು ಕಳೆದರೂ ಕರಗದ ಗಂಟು, ಚರ್ಮದಲ್ಲಿ ಕುಳಿ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಹೊಸದಾಗಿ ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ. ಮುಟ್ಟು ನಿಂತವರು ಗಂಟು ಕಂಡ ಕೂಡಲೇ ತೋರಿಸಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅದನ್ನು ತೀರ್ಮಾನಿಸಬೇಕಾದ್ದು ಸೂಜಿಯ ಪರೀಕ್ಷೆ, ನೆರೆಮನೆಯವರಲ್ಲ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಸ್ತನವನ್ನೇ ತೆಗೆದುಹಾಕುತ್ತಾರೆಂಬ ಭಯವೂ ಅರ್ಧ ಹಳೆಯದು. ಚಿಕ್ಕ ಗಡ್ಡೆಯಾದರೆ ಅಷ್ಟನ್ನೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಸಾಧ್ಯತೆ ಅಷ್ಟೇ ಇರುತ್ತದೆಂದು ಇಟಲಿಯ ವೆರೊನೇಸಿ ಮತ್ತು ಅಮೆರಿಕದ ಫಿಶರ್ 1980ರ ದಶಕದಲ್ಲೇ ತೋರಿಸಿದರು. ಹೀಗೆ ಸ್ತನ ಉಳಿಸಿಕೊಳ್ಳುವ ಅವಕಾಶ ಬೇಗ ಬಂದವರಿಗೇ ಹೆಚ್ಚು.

ಮುಗಳಖೋಡದ ಕಡೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬೆಳಗಾವಿ, ಮಿರಜ ಇಲ್ಲವೆ ಹುಬ್ಬಳ್ಳಿಯ ದಾರಿ. ಕಬ್ಬು ಕಡಿದಾಗಲಿ, ಜಾತ್ರೆ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಆ ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗಂಟು ಮಾತ್ರ ಯಾವ ಸುಗ್ಗಿಗೂ ಕಾಯುವುದಿಲ್ಲ. ಕೆಚ್ಚಲು ಗಟ್ಟಿಯಾದ ದಿನವೇ ಡಾಕ್ಟರನ್ನು ಕರೆಸುವ ಮನೆ, ಮನೆಯ ಹೆಣ್ಣುಮಗಳ ವಿಷಯದಲ್ಲೂ ಅಷ್ಟೇ ಅವಸರ ಮಾಡಿದರೆ ಎಷ್ಟೋ ಜೀವಗಳು ಉಳಿಯುತ್ತವೆ.