ಕಾರಿನಲ್ಲಿ ಪೆನ್‌ಡ್ರೈವ್ ಹಾಡು ಬರುತ್ತಿಲ್ಲವೇ? ‘ಫಾರ್ಮ್ಯಾಟ್ ಮಾಡಿ’ ಎಂಬ ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

“ಕಾರಿನಲ್ಲಿ ಪೆನ್‌ಡ್ರೈವ್ ಹಾಡುತ್ತಿಲ್ಲವೇ? ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ. ಮೊಬೈಲ್‌ಗೆ ಚುಚ್ಚಿ ಫಾರ್ಮ್ಯಾಟ್ ಒತ್ತಿ, ಮತ್ತೆ ಕಾರಿಗೆ ಹಾಕಿ. ನೂರಕ್ಕೆ ನೂರು ಕೆಲಸ ಮಾಡುತ್ತದೆ. ಎಲ್ಲರಿಗೂ ಶೇರ್ ಮಾಡಿ.”

ಇಂಥದ್ದೊಂದು ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ರಾಯಚೂರು ತಾಲೂಕಿನ ಚಂದ್ರಬಂಡದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿದ್ದರು: “ಸರ್, ಗಾಡ್ಯಾಗ ಹಾಕಿದ್ರ ಒಂದೂ ಹಾಡು ಬರವಲ್ದು. ಫೋನಿನ್ಯಾಗ ಹಾಕಿದ್ರ ಎಲ್ಲಾ ಕಾಣ್ತಾವ್ರಿ. ಫಾರ್ಮ್ಯಾಟ್ ಹೊಡೀಲೇನ್ರಿ?”

ಅವರು ಬಾಡಿಗೆ ಕಾರು ಓಡಿಸುತ್ತಾರೆ. ಒಂದು ದಿನ ಮಾನ್ವಿ, ಮತ್ತೊಂದು ದಿನ ದೇವದುರ್ಗ. ಹೊಸದಾಗಿ ಕೊಂಡ 64 ಜಿಬಿ ಪೆನ್‌ಡ್ರೈವ್‌ಗೆ ಸುಮಾರು 9 ಸಾವಿರ ಹಾಡು ತುಂಬಿಸಿದ್ದಾರೆ. ರಾಜ್‌ಕುಮಾರ್ ಕಾಲದ ಸಿನಿಮಾ ಹಾಡುಗಳು, ದಾಸರ ಪದಗಳು, ಊರಿನ ಮೊಹರಂ ಪದಗಳು. ಕೊನೆಯಲ್ಲಿ ಒಂದು ಫೋಲ್ಡರ್‌ನಲ್ಲಿ ತೀರಿಹೋದ ಅವರ ತಂದೆ ಭಜನೆ ಮೇಳದಲ್ಲಿ ಹಾಡಿದ ತತ್ವಪದಗಳಿವೆ, ಹಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಆ ಫೋನು ಕೆಟ್ಟು ಹೋಗಿದೆ. ಅಂದರೆ ಅಪ್ಪನ ಧ್ವನಿ ಉಳಿದಿರುವುದು ಈ ಪೆನ್‌ಡ್ರೈವ್ ಒಂದರಲ್ಲಿ ಮಾತ್ರ.

ನಾವು ಕೂಡಲೇ ಕೊಟ್ಟ ಉತ್ತರ: ದಯವಿಟ್ಟು ಒತ್ತಬೇಡಿ.

ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಫಾರ್ಮ್ಯಾಟ್ ಮಾಡಿದರೆ ಎಷ್ಟೋ ಸಲ ಕಾರು ಪೆನ್‌ಡ್ರೈವ್ ಅನ್ನು ಗುರುತಿಸುತ್ತದೆ. ಆದರೆ ಹಾಡಲು ಅದರಲ್ಲಿ ಒಂದು ಹಾಡೂ ಉಳಿದಿರುವುದಿಲ್ಲ. ಆ ಒಂದು ಸಾಲನ್ನು ಸಂದೇಶ ಬರೆದವರು ಬಿಟ್ಟಿದ್ದಾರೆ.

ಫೋನಿಗೆ ಕಾಣುವುದು ಕಾರಿಗೆ ಏಕೆ ಕಾಣುವುದಿಲ್ಲ?

ರಾಯಚೂರು ಕಡೆ ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿರುವುದು ನಿಮಗೆ ಗೊತ್ತು. ಉರ್ದು ಬಾರದವರ ಕೈಗೆ ಕೊಟ್ಟರೆ ಜಮೀನು ಮಾಯವಾಗುವುದಿಲ್ಲ, ಅವರಿಗೆ ಓದಲು ಬರುವುದಿಲ್ಲ ಅಷ್ಟೆ. ಪೆನ್‌ಡ್ರೈವ್ ಕಥೆಯೂ ಇದೇ. ಯಾವ ಹಾಡು ಎಲ್ಲಿದೆ ಎಂದು ಬರೆದಿಡುವ ಒಂದು ಲೆಕ್ಕದ ಪುಸ್ತಕ ಅದರೊಳಗಿರುತ್ತದೆ. ಇದಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಈ ಪುಸ್ತಕ ಬರೆಯುವ ರೀತಿ ಒಂದೇ ಅಲ್ಲ: ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಹೀಗೆ ಹಲವು.

ಹಳೆಯ ಮತ್ತು ಕಡಿಮೆ ಬೆಲೆಯ ಕಾರ್ ಸ್ಟೀರಿಯೊಗಳಲ್ಲಿ ಬಹಳಷ್ಟಕ್ಕೆ ಬರುವುದು ಫ್ಯಾಟ್32 ಒಂದೇ. 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ಅನ್ನು ಇವತ್ತಿನ ಹೆಚ್ಚಿನ ಫೋನುಗಳು ಓದುತ್ತವೆ, ಆದರೆ ಎಲ್ಲ ಕಾರುಗಳೂ ಓದುವುದಿಲ್ಲ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲೇ ಮಾರಾಟಕ್ಕೆ ಬರುತ್ತವೆ. ನಮ್ಮ ಓದುಗರದ್ದೂ ಅದೇ ಆಗಿತ್ತು.

“ಕಾರಿಗೆ 32 ಜಿಬಿ ಮೇಲಿನ ಪೆನ್‌ಡ್ರೈವ್ ಆಗುವುದೇ ಇಲ್ಲ” ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಇದೂ ಅರ್ಧ ನಿಜ. ಫ್ಯಾಟ್32ಗೆ 32 ಜಿಬಿ ಎಂಬ ಮಿತಿ ಇಲ್ಲ, ಅದು 2 ಟಿಬಿವರೆಗೂ ಹೋಗಬಲ್ಲದು. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ಬಹುಕಾಲದಿಂದ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನು ತೋರಿಸುತ್ತಿರಲಿಲ್ಲ, ಜನ ಅದನ್ನೇ ನಿಯಮ ಎಂದುಕೊಂಡರು. ರೂಫಸ್‌ನಂತಹ ಉಚಿತ ತಂತ್ರಾಂಶದಿಂದ 64 ಜಿಬಿಯನ್ನೂ ಫ್ಯಾಟ್32 ಮಾಡಬಹುದು. ಫ್ಯಾಟ್32ನ ನಿಜವಾದ ಮಿತಿ ಬೇರೆ: ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. ಸಿನಿಮಾಕ್ಕೆ ಇದು ಅಡ್ಡಿಯಾಗಬಹುದು, ಹಾಡಿಗೆ ಆಗುವುದಿಲ್ಲ.

ಹಾಗಾಗಿ ಕೆಲಸದ ಕ್ರಮ ಇಷ್ಟು. ಮೊದಲು ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರ್‌ಗೆ ಕಾಪಿ ಮಾಡಿ. ಅಲ್ಲಿ ನಾಲ್ಕಾರು ಹಾಡು ಹಾಕಿ ಕೇಳಿ ನೋಡಿ. ಆಮೇಲೆ ಫಾರ್ಮ್ಯಾಟ್, ಆಮೇಲೆ ಮತ್ತೆ ತುಂಬಿಸುವುದು. ಕಂಪ್ಯೂಟರ್ ಇಲ್ಲದಿದ್ದರೆ ಇನ್ನೂ ಸುಲಭದ ದಾರಿ ಇದೆ: ಕಾರಿಗೆಂದು ಬೇರೆಯೇ ಒಂದು 32 ಜಿಬಿ ಪೆನ್‌ಡ್ರೈವ್ ಕೊಳ್ಳಿ, ಹಳೆಯದನ್ನು ಮುಟ್ಟಲೇಬೇಡಿ.

ಈಗಾಗಲೇ ಒತ್ತಿಬಿಟ್ಟಿದ್ದರೆ?

ಗಾಬರಿ ಬೇಡ, ಆದರೆ ಪೆನ್‌ಡ್ರೈವ್ ಅನ್ನು ಈಗಲೇ ತೆಗೆದಿಡಿ. ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ ಹೋಗುವುದು ಲೆಕ್ಕದ ಪುಸ್ತಕ. ಹಾಡುಗಳ ಮಾಹಿತಿ ಹೆಚ್ಚಿನಂಶ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ. ಹೊಸದಾಗಿ ಒಂದು ಹಾಡು ಹಾಕಿದರೂ ಅದು ಕೂತುಕೊಳ್ಳುವ ಜಾಗ ಅಪ್ಪನ ತತ್ವಪದದ್ದೇ ಆಗಿರಬಹುದು. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಇಂಥ ಕಡೆ ಎಂಪಿ3 ಫೈಲ್‌ಗಳನ್ನು ಹುಡುಕಿ ಬೇರೆ ಡಿಸ್ಕ್‌ಗೆ ಉಳಿಸಿಕೊಡುತ್ತದೆ. ಫೈಲ್‌ಗಳ ಹಳೆಯ ಹೆಸರು ಮಾತ್ರ ಬರುವುದಿಲ್ಲ, ಒಂದೊಂದನ್ನೂ ಕೇಳಿ ಹೆಸರಿಡಬೇಕು. 9 ಸಾವಿರ ಹಾಡಿಗೆ ಆ ಕೆಲಸ ಎಂಥದ್ದೆಂದು ಊಹಿಸಿಕೊಳ್ಳಿ.

ಪೆನ್‌ಡ್ರೈವ್ ಖಾಲಿ ಕಾಣುತ್ತಿದೆ, ಆದರೆ ಜಾಗ ತುಂಬಿದೆ ಎಂದು ತೋರಿಸುತ್ತಿದೆ ಎನ್ನುವವರದ್ದು ಬೇರೆ ಸಮಸ್ಯೆ. ಹಾಡು ತುಂಬಿಸಿಕೊಡುವ ಅಂಗಡಿಗಳ ಕಂಪ್ಯೂಟರ್‌ನಿಂದ ಬರುವ ಶಾರ್ಟ್‌ಕಟ್ ವೈರಸ್ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಹಾಡು ಅಳಿಸಿರುವುದಿಲ್ಲ. ಆ ಶಾರ್ಟ್‌ಕಟ್ ಮೇಲೆ ಒತ್ತದೆ, ಆಂಟಿವೈರಸ್ ಇರುವ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿ, ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆ ಒತ್ತಿದರೆ ಸಿಗುತ್ತವೆ. ವಿಂಡೋಸ್‌ಗೆಂದು ಬರೆದ ಈ ವೈರಸ್ ಕಾರಿನ ಸ್ಟೀರಿಯೊವನ್ನು ಕೆಡಿಸುವುದಿಲ್ಲ.

“2 ಟಿಬಿ ಪೆನ್‌ಡ್ರೈವ್, ಬರೀ ಐನೂರು ರೂಪಾಯಿ”

ನಮ್ಮನ್ನು ಹೆಚ್ಚು ಕಂಗೆಡಿಸುವುದು ಈ ಫಾರ್ವರ್ಡ್. ಮೊದಲು ಒಂದು ಲೆಕ್ಕ ನೋಡೋಣ. 128 ಕೆಬಿಪಿಎಸ್ ಎಂಪಿ3 ಎಂದರೆ ಸೆಕೆಂಡಿಗೆ 16 ಕಿಲೋಬೈಟ್, ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಐದು ನಿಮಿಷದ ಹಾಡಿಗೆ 5 ಎಂಬಿ ಸಾಕು. 64 ಜಿಬಿಯಲ್ಲಿ ಇಂಥ 13 ಸಾವಿರ ಹಾಡು ಹಿಡಿಯುತ್ತವೆ, ಹಗಲುರಾತ್ರಿ ನಿಲ್ಲಿಸದೆ ಹಾಕಿದರೆ 46 ದಿನ ಬರುತ್ತದೆ. ಗುಣಮಟ್ಟ ಹೆಚ್ಚಿರುವ 320 ಕೆಬಿಪಿಎಸ್ ಆದರೂ 5 ಸಾವಿರಕ್ಕೆ ಮೋಸವಿಲ್ಲ. 2 ಟಿಬಿ ತುಂಬಾ 128 ಕೆಬಿಪಿಎಸ್ ಹಾಡು ಹಾಕಿದರೆ ಕೇಳಿ ಮುಗಿಸಲು ನಾಲ್ಕು ವರ್ಷ ಬೇಕು. ರಾಯಚೂರಿನಿಂದ ಮಾನ್ವಿಗೆ ಹೋಗಲು ಒಂದು ಗಂಟೆ.

ಇನ್ನು ಬೆಲೆ. ಆ ದುಡ್ಡಿಗೆ 2 ಟಿಬಿ ಫ್ಲ್ಯಾಶ್ ಚಿಪ್ ಯಾರೂ ಕೊಡಲಾರರು. ಒಳಗಿರುವುದು ಚಿಕ್ಕ ಚಿಪ್. ಅದನ್ನು ನಿಯಂತ್ರಿಸುವ ಕಂಟ್ರೋಲರ್‌ಗೆ ‘ಕೇಳಿದವರಿಗೆ 2 ಟಿಬಿ ಎಂದು ಹೇಳು’ ಎಂದು ಸುಳ್ಳು ಕಲಿಸಿರುತ್ತಾರೆ. ಮೊದಮೊದಲು ಹಾಕಿದ ಹಾಡುಗಳು ಚೆನ್ನಾಗಿಯೇ ಬರುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ್ದು ಎಲ್ಲಿಯೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ. ಹೆಸರು, ಅಳತೆ ಎಲ್ಲ ಸರಿಯಾಗಿ ಕಾಣುತ್ತದೆ, ಒತ್ತಿದರೆ ಹಾಡಿಲ್ಲ. ಇದು ಗೊತ್ತಾಗುವಷ್ಟರಲ್ಲಿ ಮೂಲವನ್ನು ಫೋನಿನಿಂದ ಅಳಿಸಿ ತಿಂಗಳಾಗಿರುತ್ತದೆ.

ಹೊಸ ಪೆನ್‌ಡ್ರೈವ್ ಕೊಂಡಾಗ ಖಾಲಿ ಇರುವಾಗಲೇ ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಪೂರ್ತಿ ತುಂಬಿಸಿ, ಮತ್ತೆ ಓದಿ, ಎಷ್ಟು ಜಾಗ ನಿಜ ಎಂದು ಹೇಳುತ್ತವೆ. ಅಂದಹಾಗೆ, 64 ಜಿಬಿ ಎಂದು ಬರೆದದ್ದು ವಿಂಡೋಸ್‌ನಲ್ಲಿ 59.6 ಎಂದು ಕಂಡರೆ ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಅರ್ಧ ಹಾಡು ಮಾತ್ರ ಬರುತ್ತವೆ, ಕ್ರಮವೂ ತಪ್ಪಿದೆ

ಸ್ಟೀರಿಯೊ ಒಂದು ಚಿಕ್ಕ ಕಂಪ್ಯೂಟರ್. ಎಷ್ಟು ಫೋಲ್ಡರ್, ಒಂದು ಫೋಲ್ಡರ್‌ಗೆ ಎಷ್ಟು ಹಾಡು, ಒಟ್ಟು ಎಷ್ಟು ಎಂಬ ಮಿತಿ ಅದಕ್ಕಿರುತ್ತದೆ. ಕೆಲವು ಮಾದರಿಗಳಲ್ಲಿ ಫೋಲ್ಡರ್‌ಗೆ 255 ಹಾಡು ಮಾತ್ರ. ಮಿತಿ ಮೀರಿದ್ದು ಅಳಿಸಿಹೋಗಿಲ್ಲ, ಕಾರು ಎಣಿಸುವುದನ್ನು ಅಲ್ಲಿಗೆ ನಿಲ್ಲಿಸಿದೆ. ನಿಮ್ಮ ಕಾರಿನ ಮಿತಿ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುತ್ತದೆ, ಆ ಪುಸ್ತಕ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಬಿದ್ದಿರುತ್ತದೆ. ಎಲ್ಲವನ್ನೂ ಒಂದೇ ಕಡೆ ಸುರಿಯುವ ಬದಲು ಫೋಲ್ಡರ್‌ಗೆ ನೂರರಂತೆ ಹಂಚಿದರೆ ಹುಡುಕುವುದೂ ಸುಲಭ.

ಕ್ರಮ ತಪ್ಪುವುದಕ್ಕೆ ಕಾರಣ ಬೇರೆ. ಫೋನು ಹಾಡುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿ ತೋರಿಸುತ್ತದೆ. ಹಲವು ಸ್ಟೀರಿಯೊಗಳು ಆ ತೊಂದರೆ ತೆಗೆದುಕೊಳ್ಳುವುದಿಲ್ಲ, ಪೆನ್‌ಡ್ರೈವ್‌ಗೆ ಯಾವುದನ್ನು ಮೊದಲು ಬರೆದಿರೋ ಅದನ್ನೇ ಮೊದಲು ಹಾಡುತ್ತವೆ. ಹೆಸರಿನ ಮುಂದೆ 001, 002 ಎಂದು ಸಂಖ್ಯೆ ಹಾಕಿ, ಅದೇ ಕ್ರಮದಲ್ಲಿ ಒಂದಾದ ಮೇಲೊಂದು ಕಾಪಿ ಮಾಡಿದರೆ ಎರಡೂ ಬಗೆಯ ಕಾರಿನಲ್ಲಿ ಸರಿಹೋಗುತ್ತದೆ.

ಕನ್ನಡ ಹೆಸರಿನ ಬದಲು ಚೌಕಾಕಾರದ ಡಬ್ಬಿಗಳು ಕಾಣುತ್ತವೆ ಎಂದು ಬಹಳ ಜನ ಕೇಳುತ್ತಾರೆ. ಹಾಡು ಕೆಟ್ಟಿದೆ ಎಂದುಕೊಂಡು ಅಳಿಸಿದವರೂ ಇದ್ದಾರೆ. ಕೆಟ್ಟಿಲ್ಲ. ಕನ್ನಡ ಲಿಪಿ 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಇದೆ, ಆದರೆ ಸ್ಟೀರಿಯೊ ಮಾಡಿದವರು ಅದರೊಳಗೆ ಕನ್ನಡ ಅಕ್ಷರದ ಫಾಂಟ್ ಹಾಕಿಲ್ಲ. ಮೂವತ್ತು ವರ್ಷ ದಾಟಿದ ಮೇಲೂ ಕರ್ನಾಟಕದಲ್ಲಿ ಮಾರುವ ಕಾರಿಗೆ ಕನ್ನಡ ಬಾರದಿರುವುದಕ್ಕೆ ನಮ್ಮ ಹತ್ತಿರ ಸಮರ್ಥನೆಯಿಲ್ಲ. ಸದ್ಯಕ್ಕೆ ಕಾರಿನ ಪ್ರತಿಯಲ್ಲಿ ಇಂಗ್ಲಿಷ್ ಅಕ್ಷರದ ಹೆಸರು, ಮನೆಯ ಪ್ರತಿಯಲ್ಲಿ ಕನ್ನಡ ಹೆಸರು ಇಟ್ಟುಕೊಳ್ಳಿ.

ರಾಯಚೂರಿನ ಬಿಸಿಲಿನಲ್ಲಿ ಪೆನ್‌ಡ್ರೈವ್ ಸಿಡಿಯುತ್ತದೆಯೇ?

ಸಿಡಿಯುವುದಿಲ್ಲ. ಅದರೊಳಗೆ ಬ್ಯಾಟರಿ ಇಲ್ಲ. ಸಿಡಿಯುವ ಭಯ ಇರುವುದು ಲಿಥಿಯಂ ಬ್ಯಾಟರಿ ಇರುವ ಪವರ್ ಬ್ಯಾಂಕ್ ಮತ್ತು ಫೋನಿಗೆ, ಅವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಲೇಬೇಡಿ.

ಆದರೆ ಪೆನ್‌ಡ್ರೈವ್‌ಗೆ ಬಿಸಿಲು ಒಳ್ಳೆಯದೂ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿರುಬಿಸಿಲಿನ ದಿನ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಡ್ಯಾಶ್‌ಬೋರ್ಡ್ ಮೇಲೆ 69 ಡಿಗ್ರಿ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬಸ್‌ ನಿಲ್ದಾಣದ ಬಳಿ ಗಿರಾಕಿಗೆ ಕಾಯುವ ಕಾರಿನದ್ದೂ ಇದೇ ಪಾಡು. ಫ್ಲ್ಯಾಶ್ ಚಿಪ್‌ನಲ್ಲಿ ಹಾಡು ಉಳಿಯುವುದು ಅತಿ ಚಿಕ್ಕ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದಿಂದ. ಶಾಖ ಹೆಚ್ಚಿದಷ್ಟೂ ಆ ಆವೇಶ ಬೇಗ ಸೋರುತ್ತದೆ. ಒಂದು ಬೇಸಿಗೆಯಲ್ಲಿ ಎಲ್ಲ ಹೋಗಿಬಿಡುತ್ತದೆ ಎಂದಲ್ಲ, ಆದರೆ ವರ್ಷಗಟ್ಟಲೆ ಕಾರಿನಲ್ಲೇ ಇರುವ ಪೆನ್‌ಡ್ರೈವ್ ಒಂದು ದಿನ ಸುಮ್ಮನಾದರೆ ಆಶ್ಚರ್ಯವಿಲ್ಲ.

ಪೆನ್‌ಡ್ರೈವ್ ಚುಚ್ಚಿಟ್ಟರೆ ಮೈಲೇಜ್ ಬೀಳುತ್ತದೆ ಎನ್ನುವುದಂತೂ ತಮಾಷೆ. ಅದು ಬಳಸುವ ವಿದ್ಯುತ್ ಹೆಚ್ಚೆಂದರೆ ಒಂದೆರಡು ವ್ಯಾಟ್, ಹೆಡ್‌ಲೈಟ್‌ನ ಒಂದು ಬಲ್ಬಿಗೇ ಸುಮಾರು 55 ವ್ಯಾಟ್ ಬೇಕು.

ಯಾವುದನ್ನು ಮೊದಲು ಉಳಿಸಬೇಕು?

9 ಸಾವಿರ ಹಾಡೂ ಒಂದೇ ಬೆಲೆಯವಲ್ಲ. ಸಿನಿಮಾ ಹಾಡು ಕಳೆದರೆ ಮತ್ತೆ ಎಲ್ಲಿಯಾದರೂ ಸಿಗುತ್ತದೆ. ಈ ನೆಲ ದಾಸರದ್ದು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರ ಹೆಸರು ಮಾನ್ವಿಯ ಜೊತೆಗೇ ಸೇರಿಹೋಗಿದೆ. ಅವರ ಪದಗಳನ್ನು ಹೆಸರಾಂತ ಗಾಯಕರು ಹಾಡಿದ ರೆಕಾರ್ಡುಗಳೂ ಸಿಗುತ್ತವೆ. ಸಿಗದಿರುವುದು ಊರಿನ ಅಲಾಯಿ ಕುಣಿಯ ಸುತ್ತ ಒಂದು ರಾತ್ರಿ ಹಾಡಿದ ಮೊಹರಂ ಪದ, ಅಮ್ಮ ಬೀಸುವಾಗ ಗುನುಗಿದ್ದು, ಭಜನೆಯಲ್ಲಿ ಅಪ್ಪ ಎತ್ತಿಕೊಂಡ ಸಾಲು. ಇಂಥವು ಎಲ್ಲ ಸೇರಿ ಹೆಚ್ಚಿನವರ ಹತ್ತಿರ 1 ಜಿಬಿಯೂ ಇರುವುದಿಲ್ಲ. ಅಷ್ಟನ್ನು ಮೂರು ಕಡೆ ಇಡಲು ಖರ್ಚೇ ಇಲ್ಲ: ಮನೆಯ ಯಾವುದಾದರೂ ಕಂಪ್ಯೂಟರ್, ಇಮೇಲ್ ಖಾತೆಯ ಜೊತೆ ಉಚಿತವಾಗಿ ಬರುವ ಕ್ಲೌಡ್ ಜಾಗ, ಬೇರೆ ಊರಿನಲ್ಲಿರುವ ತಂಗಿಯ ಫೋನು. ವಾಟ್ಸಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಫೈಲ್ ಇದ್ದ ಹೆಸರಿನಲ್ಲೇ ತಲುಪುತ್ತದೆ.

128ರ ರೆಕಾರ್ಡನ್ನು 320ಕ್ಕೆ ಬದಲಾಯಿಸಿ ‘ಕ್ಲಿಯರ್’ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಫೈಲ್ ದಪ್ಪವಾಗುತ್ತದೆ, ಒಮ್ಮೆ ಬಿಟ್ಟುಹೋದ ಧ್ವನಿ ಮರಳಿ ಬರುವುದಿಲ್ಲ. ಮೂಲ ಫೈಲ್ ಹೇಗಿದೆಯೋ ಹಾಗೆಯೇ ಇರಲಿ.

ಚಂದ್ರಬಂಡದ ನಮ್ಮ ಓದುಗರು ರಾಯಚೂರಿನಲ್ಲಿ ಓದುವ ಅಣ್ಣನ ಮಗನ ಲ್ಯಾಪ್‌ಟಾಪ್‌ಗೆ ಎಲ್ಲವನ್ನೂ ಕಾಪಿ ಮಾಡಿಸಿದರು. ಕಾರಿಗೆ ಬೇರೆ 32 ಜಿಬಿ ಪೆನ್‌ಡ್ರೈವ್ ಬಂತು, ಅದರಲ್ಲಿ ಆರಿಸಿದ 800 ಹಾಡುಗಳಿವೆ. 64 ಜಿಬಿಯದ್ದು ಮನೆಯ ಟ್ರಂಕಿನಲ್ಲಿದೆ. ತಂದೆಯ ಹಾಡುಗಳು ಒಟ್ಟು 23, ಎಲ್ಲ ಸೇರಿ 140 ಎಂಬಿ. ಮೊನ್ನೆ ಅವರಿಂದ ಇನ್ನೊಂದು ವಾಯ್ಸ್ ಮೆಸೇಜ್ ಬಂತು, ಹಿಂದೆ ಕಾರಿನ ಸದ್ದು, ಅದರ ಹಿಂದೆ ತಾಳದ ಸದ್ದು. “ದೇವದುರ್ಗ ದಾರ್ಯಾಗ ಅದೀನ್ರಿ. ಕೇಳಾಕತ್ತದೇನ್ರಿ?”