ನಿಮಗಿದು ಗೊತ್ತೆ? ದೋಣಿ ಇಳಿದ ಮೇಲೂ ಕಾಡುವ ಜ್ವರ

ಪುಣೆಯ ಎಂಜಿನಿಯರಿಂಗ್ ಶಿಕ್ಷಣ ಸಂಸ್ಥೆ ಸಿಒಇಪಿಯ ವಿದ್ಯಾರ್ಥಿಗಳು ಮುಳಾ ನದಿಯಲ್ಲಿ 1928ರಿಂದ 'ರೆಗಾಟಾ' ಎಂಬ ದೋಣಿ ಉತ್ಸವ ನಡೆಸುತ್ತ ಬಂದಿದ್ದಾರೆ. ಅದೇ ನದಿಗೆ ನಗರದ ಕೊಳಚೆಯೂ ಸೇರುತ್ತದೆ! ಇಂಥ ನೀರಿನಲ್ಲಿ ಹುಟ್ಟು ಹಾಕುವವರು ಮುಳುಗುವುದಕ್ಕಷ್ಟೇ ಹೆದರಿದರೆ ಸಾಲದು, ಇಲಿ ಜ್ವರದ ನೆನಪೂ ಇರಬೇಕು.

ಇಲಿ, ನಾಯಿ, ದನಗಳ ಮೂತ್ರದಿಂದ ನೀರು ಸೇರುವ, ಈ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ತರಚು ಗಾಯ, ಕಣ್ಣು, ಮೂಗು, ಬಾಯಿಯ ಮೂಲಕ ಮೈಗೆ ಇಳಿಯುತ್ತದೆ. ಮೋಸವಿರುವುದು ಅದರ ನಿಧಾನದಲ್ಲಿ. ಸಾಮಾನ್ಯವಾಗಿ 5ರಿಂದ 14 ದಿನ, ಕೆಲವೊಮ್ಮೆ ತಿಂಗಳೇ ಕಳೆದು ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸುತ್ತವೆ. ಅಷ್ಟರಲ್ಲಿ ದೋಣಿಯಾಟವೇ ಮರೆತಿರುತ್ತದೆ. ಫ್ಲೂ ಎಂದುಕೊಂಡು ಮಾತ್ರೆ ನುಂಗುವವರೂ ಉಂಟು.

2000ದಲ್ಲಿ ಮಲೇಷ್ಯಾದ ಸಬಾದಲ್ಲಿ ನಡೆದ 'ಇಕೊ-ಚಾಲೆಂಜ್' ಸಾಹಸ ಸ್ಪರ್ಧೆಯಲ್ಲಿ ಆಟಗಾರರು ನದಿಯಲ್ಲಿ ಈಜಿ, ಕಯಾಕ್ ನಡೆಸಿದ್ದರು. ಊರಿಗೆ ಮರಳಿದ ಮೇಲೆ ವಿಚಾರಿಸಲಾದ 189 ಮಂದಿಯಲ್ಲಿ 80 ಮಂದಿಗೆ ಈ ರೋಗದ ಲಕ್ಷಣಗಳಿದ್ದವು. 29 ಮಂದಿ ಆಸ್ಪತ್ರೆ ಸೇರಿದರು, ಯಾರೂ ಸಾಯಲಿಲ್ಲ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ ಔಷಧಗಳಿಗೇ ಇದು ಬಗ್ಗುತ್ತದೆ. ವೈದ್ಯರಿಗೆ ದೋಣಿಯ ಸುದ್ದಿ ಹೇಳಿರಬೇಕು, ಅಷ್ಟೆ.