ಕಾಡೋ, ಕಾಫಿ ತೋಟವೋ?

ಕೊಡಗಿನ ಕಾಫಿ ತೋಟದ ಮೇಲೆ ಉಪಗ್ರಹ ಹಾದುಹೋದರೆ ಅದಕ್ಕೆ ಕಾಫಿ ಗಿಡ ಕಾಣುವುದೇ ಇಲ್ಲ. ಕಾಣುವುದೆಲ್ಲ ನೆರಳಿಗೆಂದು ಬಿಟ್ಟ ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆತ್ತಿ. ಬೇಲಿಯಾಚೆಗಿನ ದೇವರಕಾಡಿನದ್ದೂ ಹೆಚ್ಚುಕಮ್ಮಿ ಅದೇ ಹಸಿರು. ಸಸ್ಯವರ್ಗದ ನಕ್ಷೆ ಮಾಡುವವರ ತಲೆನೋವು ಶುರುವಾಗುವುದು ಇಲ್ಲಿಂದ.

ಹಸಿರು ಇದೆಯೋ ಇಲ್ಲವೋ ಎಂದು ಹೇಳುವುದು ಸುಲಭ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣಗಳನ್ನು ಎಲೆಯೊಳಗಿನ ಕೋಶಗಳು ಚದುರಿಸಿ ವಾಪಸು ಕಳಿಸುತ್ತವೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಸೂಚ್ಯಂಕ ಸಿಗುತ್ತದೆ. ದಟ್ಟ ಹಸಿರಿಗೆ ಅದು 1ರ ಕಡೆ ವಾಲುತ್ತದೆ, ಬರಡು ನೆಲಕ್ಕೆ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ.

ಯಾವ ಹಸಿರು ಎಂದು ತಿಳಿಯಲು ಮಾತ್ರ ಕಂಪ್ಯೂಟರಿಗೆ ಪಾಠ ಬೇಕು. ಜಿಪಿಎಸ್ ಹಿಡಿದು ಓಡಾಡಿ ‘ಇದು ರೊಬಸ್ಟಾ ತೋಟ, ಇದು ಗದ್ದೆ, ಇದು ನಿತ್ಯಹರಿದ್ವರ್ಣ ಕಾಡು’ ಎಂದು ಗುರುತು ಹಾಕಿಕೊಂಡು ಬರಬೇಕು. ಯುರೋಪಿನ ಸೆಂಟಿನೆಲ್-2 ಚಿತ್ರದ ಒಂದು ಪಿಕ್ಸೆಲ್ 10 ಮೀಟರ್ ಚೌಕ. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಒಂದು ಗುಂಟೆ. ಗುರುತು ಹಾಕಿದ ಗುಂಟೆಗಳು ಬೇರೆ ಬೇರೆ ತರಂಗಗಳಲ್ಲಿ ಹೇಗೆ ಹೊಳೆಯುತ್ತವೆಂದು ಕಲಿತ ಪ್ರೋಗ್ರಾಂ ಉಳಿದವನ್ನು ತಾನೇ ವಿಂಗಡಿಸುತ್ತದೆ. ಲಿಯೋ ಬ್ರೈಮನ್ 2001ರಲ್ಲಿ ಮಂಡಿಸಿದ ರ‍್ಯಾಂಡಮ್ ಫಾರೆಸ್ಟ್ ವಿಧಾನ ಇದಕ್ಕೆ ಬಹಳ ಬಳಕೆಯಲ್ಲಿದೆ. ನೂರಾರು ‘ನಿರ್ಧಾರ ವೃಕ್ಷ’ಗಳು ಪ್ರತಿ ಪಿಕ್ಸೆಲಿಗೂ ಮತ ಹಾಕುತ್ತವೆ, ಬಹುಮತ ಬಂದ ಗುಂಪಿಗೆ ಅದು ಸೇರುತ್ತದೆ.

ಹಾಗೆಂದು ಒಂದೇ ದಿನದ ಚಿತ್ರವನ್ನು ನಂಬಿದರೆ ಮೋಸ. ಫೆಬ್ರವರಿ–ಮಾರ್ಚ್ ಹೊತ್ತಿಗೆ ನಾಗರಹೊಳೆ ಕಡೆಯ ಎಲೆಯುದುರುವ ಕಾಡು ಬೋಳಾಗುತ್ತದೆ, ಬ್ರಹ್ಮಗಿರಿಯ ನಿತ್ಯಹರಿದ್ವರ್ಣ ಹಾಗೇ ಇರುತ್ತದೆ. ತೋಟಕ್ಕೆ ಅದರದೇ ಪಂಚಾಂಗ: ಮರಗಸಿ ಮಾಡಿದಾಗ ಕೊಂಬೆಗಳು ಇಳಿದು ನೆತ್ತಿ ತೆಳುವಾಗುತ್ತದೆ. ಕಾಡಿಗೆ ಆ ಕಾಟವಿಲ್ಲ. ವರ್ಷದ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಈ ಏರಿಳಿತವೇ ಸುಳಿವು ಕೊಡುತ್ತದೆ. ಮುಂಗಾರಿನಲ್ಲಿ ಮೋಡ ಮುಚ್ಚಿಕೊಂಡಿತೆಂದರೆ ರೇಡಾರ್ ಚಿತ್ರವೇ ಗತಿ.

ಯಂತ್ರ ಎಷ್ಟೇ ಜಾಣನಿರಲಿ, ‘ಕಾಡು’ ಎಂದರೇನೆಂದು ನಾವು ಮೊದಲೇ ಹೇಳಿಕೊಟ್ಟಿರಬೇಕಲ್ಲ! ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗಳಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರದ ಚಪ್ಪರವಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಜಮೀನು ಯಾರದು, ಮರ ಯಾವ ಜಾತಿಯದು ಎಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ಎರಡೂವರೆ ಎಕರೆ ದಾಟಿದ ನೆರಳಿನ ಕಾಫಿ ತೋಟ, ಅಡಿಕೆ ತೋಟಗಳೂ ಅಲ್ಲಿ ಕಾಡಿನ ಜತೆ ಸೇರಿಬಿಡುತ್ತವೆ. ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವ ಪ್ರದೇಶದ ಅಂಕಿಯನ್ನು ಬೇರೆಯಾಗಿಯೇ ಹುಡುಕಿಕೊಳ್ಳಬೇಕು.